ಮೀಥೈಲ್ ಗುಂಪು ಬಿದ್ದದ್ದು ಸರಿಯಾದ ತಾಣಕ್ಕೇ? ಡಿಎನ್‌ಎ ಮೀಥೈಲ್‌ಟ್ರಾನ್ಸ್‌ಫರೇಸ್‌ಗಳ ನಿಖರತೆಯನ್ನು ಅಳೆಯುವ ಸಮಗ್ರ ಮಾರ್ಗದರ್ಶಿ

ಡಿಎನ್‌ಎಯನ್ನು ಕತ್ತರಿಸುವ ಕಿಣ್ವ ದಾರಿ ತಪ್ಪಿದರೆ ಅದನ್ನು ಮುಚ್ಚಿಡಲಾಗದು. ಡಿಎನ್‌ಎ ತುಂಡುಗಳನ್ನು ಉದ್ದಕ್ಕೆ ತಕ್ಕಂತೆ ಬೇರ್ಪಡಿಸುವ ಜೆಲ್ ಮೇಲೆ ಇರಬಾರದ ಕಡೆ ಒಂದು ಪಟ್ಟಿ ಎದ್ದು ಕಾಣುತ್ತದೆ. ಅದೇ ಡಿಎನ್‌ಎಗೆ ಮೀಥೈಲ್ ಗುಂಪನ್ನು ಜೋಡಿಸುವ ಕಿಣ್ವ ತಪ್ಪು ಜಾಗಕ್ಕೆ ಕೈಹಾಕಿದರೆ ಜೆಲ್ ಏನನ್ನೂ ಹೇಳುವುದಿಲ್ಲ. ಡಿಎನ್‌ಎ ತುಂಡಾಗುವುದಿಲ್ಲ, ಅಕ್ಷರಗಳ ಸರಣಿ ಬದಲಾಗುವುದಿಲ್ಲ, ಬ್ಯಾಕ್ಟೀರಿಯಾ ಸಾಮಾನ್ಯವಾಗಿ ಬದುಕಿಯೇ ಇರುತ್ತದೆ. ಬ್ಯಾಕ್ಟೀರಿಯಾದ ಪಾಲಿಗೆ ಇದಕ್ಕಿಂತ ಅಪಾಯಕಾರಿಯಾದದ್ದು ಇನ್ನೊಂದು ಬಗೆಯ ತಪ್ಪು. ಮೀಥೈಲ್ ಗುಂಪು ಬೀಳಲೇಬೇಕಾದ ತಾಣವೊಂದು ಖಾಲಿ ಉಳಿದರೆ, ಅದೇ ತಾಣವನ್ನು ಹುಡುಕುವ ಬ್ಯಾಕ್ಟೀರಿಯಾದ್ದೇ ಕತ್ತರಿಸುವ ಕಿಣ್ವ ಅಲ್ಲಿ ವರ್ಣತಂತುವನ್ನು ಸೀಳಿಬಿಡುತ್ತದೆ. ಹೀಗಾಗಿ ಕತ್ತರಿಯ ಜೊತೆಗಿರುವ ಮೀಥೈಲ್ ಕಿಣ್ವಗಳ ಮೇಲಿನ ವಿಕಾಸದ ಒತ್ತಡ ಒಂದೇ ಕಡೆಗೆ ವಾಲಿದೆ: ಸರಿ ತಾಣವನ್ನು ಬಿಡಬಾರದೆಂಬುದು ಕಟ್ಟುನಿಟ್ಟು, ತಪ್ಪು ತಾಣವನ್ನು ಮುಟ್ಟಬಾರದೆಂಬುದು ಅಷ್ಟೇನೂ ಅಲ್ಲ.

ಪ್ರಯೋಗಾಲಯಗಳಲ್ಲಿ ನಾವು ಮಾಡುವ ಪರೀಕ್ಷೆಯೂ ಅದೇ ಕಡೆಗೆ ವಾಲಿರುತ್ತದೆ. ಡಿಎನ್‌ಎಯನ್ನು ಮೀಥೈಲೀಕರಿಸಿ, ಜೊತೆಯ ಕತ್ತರಿಸುವ ಕಿಣ್ವವನ್ನು ಹಾಕಿ, ತುಂಡಾಗಲಿಲ್ಲವೆಂದರೆ ಕೆಲಸ ಆಯಿತು ಎಂದುಕೊಳ್ಳುತ್ತೇವೆ. ಆ ಪರೀಕ್ಷೆ ಸರಿ ತಾಣಗಳ ಬಗ್ಗೆ ಮಾತ್ರ ಉತ್ತರಿಸುತ್ತದೆ. ತಪ್ಪು ತಾಣಗಳ ಬಗ್ಗೆ ಅದನ್ನು ಯಾರೂ ಕೇಳಿಯೇ ಇರುವುದಿಲ್ಲ. ಆದರೂ ಅದರ ಬಲದ ಮೇಲೆ ‘ಈ ಕಿಣ್ವ ಬಹಳ ನಿಖರ’ ಎಂದು ಬರೆಯುವುದನ್ನು ನಾನು ಒಪ್ಪುವುದಿಲ್ಲ. ನಿಖರತೆ ಎಂದರೆ ಎರಡು ವೇಗಗಳ ಅನುಪಾತ: ಸರಿ ತಾಣದಲ್ಲಿ ಕಿಣ್ವ ಕೆಲಸ ಮಾಡುವ ವೇಗವನ್ನು ತಪ್ಪು ತಾಣದಲ್ಲಿನ ವೇಗದಿಂದ ಭಾಗಿಸಿದಾಗ ಸಿಗುವ ಸಂಖ್ಯೆ. ಆ ಸಂಖ್ಯೆಯನ್ನು ನಂಬಲರ್ಹವಾಗಿ ಪಡೆಯುವ ದಾರಿಯನ್ನು ಇಲ್ಲಿ ಹಂತಹಂತವಾಗಿ ಬರೆದಿದ್ದೇನೆ. ಉದಾಹರಣೆಗೆ ಹೆಚ್ಚಾಗಿ ಇ. ಕೋಲೈ ಬ್ಯಾಕ್ಟೀರಿಯಾದ ಡ್ಯಾಮ್ ಕಿಣ್ವವನ್ನು ಬಳಸಿದ್ದೇನೆ. ಅದರ ತಾಣ ಜಿಎಟಿಸಿ, ಮೀಥೈಲ್ ಗುಂಪು ಬೀಳುವುದು ಅಲ್ಲಿನ ಎ ಮೇಲೆ. ಎ, ಸಿ, ಜಿ, ಟಿ ಎಂದರೆ ಡಿಎನ್‌ಎಯ ನಾಲ್ಕು ಅಕ್ಷರಗಳಾದ ಅಡೆನಿನ್, ಸೈಟೋಸಿನ್, ಗ್ವಾನಿನ್, ಥೈಮಿನ್.

ಮೊದಲು ತಿಳಿದಿರಬೇಕಾದದ್ದು

ಈ ಕಿಣ್ವಗಳೆಲ್ಲವೂ ಮೀಥೈಲ್ ಗುಂಪನ್ನು ಎಸ್-ಅಡೆನೋಸಿಲ್ ಮೆಥಿಯೋನೈನ್ ಎಂಬ ಅಣುವಿನಿಂದ ಪಡೆಯುತ್ತವೆ. ಅದನ್ನು ಮುಂದೆ ಸ್ಯಾಮ್ ಎಂದು ಕರೆಯುತ್ತೇನೆ. ಗುಂಪು ಸೇರಬಹುದಾದ ಜಾಗಗಳು ಮೂರು: ಸೈಟೋಸಿನ್‌ನ 5ನೇ ಇಂಗಾಲ, ಸೈಟೋಸಿನ್‌ನ 4ನೇ ಸ್ಥಾನದ ಅಮೈನೋ ಸಾರಜನಕ, ಅಡೆನಿನ್‌ನ 6ನೇ ಸ್ಥಾನದ ಅಮೈನೋ ಸಾರಜನಕ. ಕೆಲಸ ಮುಗಿದಾಗ ಸ್ಯಾಮ್‌ನಿಂದ ಉಳಿಯುವುದು ಎಸ್-ಅಡೆನೋಸಿಲ್ ಹೋಮೋಸಿಸ್ಟೀನ್. ಅದು ಕಿಣ್ವವನ್ನೇ ತಡೆಯುವ ಗುಣ ಉಳ್ಳದ್ದು ಎಂಬುದನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಗುರಿಯ ಅಕ್ಷರ ಜೋಡಿಸುರುಳಿಯ ಒಳಗೆ ಹುದುಗಿರುತ್ತದೆ. ಕಿಣ್ವ ಅದನ್ನು ತಲುಪುವ ಬಗೆ 1994ರಲ್ಲಿ ಬೆಳಕಿಗೆ ಬಂತು. ಎಂ.ಎಚ್‌ಎಚ್‌ಎ-1 ಎಂಬ ಕಿಣ್ವವು ಡಿಎನ್‌ಎಯನ್ನು ಹಿಡಿದಿರುವ ಸ್ಫಟಿಕ ರಚನೆಯಲ್ಲಿ, ಜಿಸಿಜಿಸಿ ತಾಣದ ಮೊದಲ ಸೈಟೋಸಿನ್ ಸುರುಳಿಯಿಂದ ಪೂರ್ತಿಯಾಗಿ ಹೊರಕ್ಕೆ ಮಗುಚಿ ಕಿಣ್ವದ ಗುಳಿಯೊಳಗೆ ಕುಳಿತಿತ್ತು. ಅದು ತೆರವು ಮಾಡಿದ ಜಾಗವನ್ನು ಕಿಣ್ವದ ಒಂದು ಗ್ಲುಟಮಿನ್ ತುಂಬಿತ್ತು. ನಿಖರತೆಯ ದೃಷ್ಟಿಯಿಂದ ಇದರ ಅರ್ಥ ದೊಡ್ಡದು. ತಾಣವನ್ನು ಗುರುತಿಸುವುದು ಒಂದೇ ಏಟಿಗೆ ಮುಗಿಯುವ ಕೆಲಸವಲ್ಲ. ಕಿಣ್ವ ಡಿಎನ್‌ಎಗೆ ಅಂಟಬೇಕು, ಅಕ್ಷರಗಳ ಅಂಚುಗಳನ್ನು ಓದಬೇಕು, ಗುರಿಯ ಅಕ್ಷರವನ್ನು ಮಗುಚಬೇಕು, ತನ್ನ ಕುಣಿಕೆಯಂತಹ ಭಾಗವನ್ನು ಮುಚ್ಚಿಕೊಳ್ಳಬೇಕು, ಆಮೇಲೆ ಮೀಥೈಲ್ ಗುಂಪನ್ನು ದಾಟಿಸಬೇಕು. ಪ್ರತಿ ಮೆಟ್ಟಿಲಿನಲ್ಲೂ ತಪ್ಪು ತಾಣವನ್ನು ಕೈಬಿಡುವ ಅವಕಾಶ ಇದೆ. ಆದ್ದರಿಂದ ಕಿಣ್ವ ಎಷ್ಟು ಬಿಗಿಯಾಗಿ ಅಂಟುತ್ತದೆ ಎಂಬುದನ್ನಷ್ಟೇ ಅಳೆದು ನಿಖರತೆಯ ಬಗ್ಗೆ ತೀರ್ಪು ಕೊಡುವಂತಿಲ್ಲ. ಅಂಟುವಿಕೆಯಲ್ಲಿ ಸಣ್ಣ ವ್ಯತ್ಯಾಸ ತೋರಿದ ತಾಣಗಳು ಮೀಥೈಲ್ ದಾಟಿಸುವ ವೇಗದಲ್ಲಿ ಅಜಗಜಾಂತರ ತೋರಬಹುದು.

ಎಲ್ಲ ಕಿಣ್ವಗಳೂ ಒಂದೇ ರೀತಿ ಓದುವುದಿಲ್ಲ ಎಂಬುದೂ ಗೊತ್ತಿರಲಿ. ಕಾಲೋಬ್ಯಾಕ್ಟರ್ ಬ್ಯಾಕ್ಟೀರಿಯಾದ ಸಿಸಿಆರ್‌ಎಂ ಕಿಣ್ವದ ತಾಣ ಜಿಎಎನ್‌ಟಿಸಿ, ನಡುವಿನ ಎನ್ ಯಾವ ಅಕ್ಷರವಾದರೂ ಆಗಬಹುದು. 2019ರಲ್ಲಿ ಪ್ರಕಟವಾದ ಅದರ ರಚನೆಯಲ್ಲಿ ತಾಣದ ಎರಡು ಎಳೆಗಳೇ ಬೇರ್ಪಟ್ಟು ಗುಳ್ಳೆಯಂತೆ ಬಿಚ್ಚಿಕೊಂಡಿದ್ದವು. ಒಂದು ಅಕ್ಷರ ಮಗುಚುವ ಕಿಣ್ವಕ್ಕೆ ಹೊಂದುವ ತರ್ಕವನ್ನು ಇಂಥದ್ದಕ್ಕೆ ಕಣ್ಣುಮುಚ್ಚಿ ಅನ್ವಯಿಸಬಾರದು.

ಹಂತ 1: ತಪ್ಪು ತಾಣಗಳನ್ನು ಕಾಗದದ ಮೇಲೆ ಎಣಿಸಿ

ಪಿಪೆಟ್ ಹಿಡಿಯುವ ಮುಂಚೆ ಪೆನ್ ಹಿಡಿಯಿರಿ. ಕಿಣ್ವ ಎಡವುವುದು ಬಹುಪಾಲು ಒಂದೇ ಅಕ್ಷರ ತಪ್ಪಿದ ತಾಣಗಳಲ್ಲಿ. ಎರಡು ಅಕ್ಷರ ತಪ್ಪಿದರೆ ವೇಗ ಸಾಮಾನ್ಯವಾಗಿ ಅಳತೆಗೆ ಸಿಗದಷ್ಟು ಕುಸಿಯುತ್ತದೆ. ಹಾಗಾಗಿ ಒಂದಕ್ಷರ ತಪ್ಪಿದ ತಾಣಗಳ ಪೂರ್ತಿ ಪಟ್ಟಿ ಮಾಡಿಕೊಳ್ಳಿ.

ಜಿಎಟಿಸಿಯಲ್ಲಿ ನಾಲ್ಕು ಸ್ಥಾನಗಳು, ಪ್ರತಿ ಸ್ಥಾನಕ್ಕೆ ಮೂರು ಬದಲಿಗಳು, ಒಟ್ಟು 12. ಆದರೆ ಇದು ಎರಡೂ ಎಳೆಗಳಲ್ಲಿ ಒಂದೇ ರೀತಿ ಓದಿಸಿಕೊಳ್ಳುವ ತಾಣ. ಎಎಟಿಸಿ ಎಂದು ಬರೆದರೆ ಎದುರಿನ ಎಳೆಯಲ್ಲಿ ಜಿಎಟಿಟಿ ಇರುತ್ತದೆ, ಅದೂ ಪಟ್ಟಿಯಲ್ಲಿರುವ ಪದವೇ. ಅಂದರೆ ಜೋಡಿ ಎಳೆಗಳಾಗಿ ನೋಡಿದರೆ ತಪ್ಪು ತಾಣಗಳು ಆರು ಮಾತ್ರ. ಈ ಆರೂ ಒಂದೇ ತರಹದವಲ್ಲ. ಅಂಚಿನ ಅಕ್ಷರ ಬದಲಾದ ಮೂರರಲ್ಲಿ ಎರಡೂ ಎಳೆಗಳ ಗುರಿ ಅಡೆನಿನ್ ಉಳಿದಿರುತ್ತದೆ. ಒಳಗಿನ ಅಕ್ಷರ ಬದಲಾದ ಮೂರರಲ್ಲಿ ಒಂದು ಎಳೆಯ ಗುರಿಯೇ ಇಲ್ಲವಾಗಿರುತ್ತದೆ. ಹೀಗಾಗಿ ಅಳೆಯಬೇಕಾದ ಗುರಿಗಳು ಒಟ್ಟು ಒಂಬತ್ತು. ಇದೇ ಲೆಕ್ಕವನ್ನು ಇಕೋಆರ್-1 ಎಂಬ ಕತ್ತರಿಸುವ ಕಿಣ್ವದ ಜೊತೆಯ ಮೀಥೈಲ್ ಕಿಣ್ವಕ್ಕೆ ಹಾಕಿ: ತಾಣ ಜಿಎಎಟಿಟಿಸಿ, ಗುರಿ ಎರಡನೇ ಎ. ಆಗ 18 ಪದಗಳು, 9 ಜೋಡಿ ಎಳೆಗಳು, 15 ಗುರಿಗಳು ಬರುತ್ತವೆ.

ಈಗ ಇಡೀ ಜೀನೋಮ್‌ನ ಲೆಕ್ಕ. ಇ. ಕೋಲೈ ಕೆ-12ರ ಜೀನೋಮ್ ಸುಮಾರು 46 ಲಕ್ಷ ಅಕ್ಷರಗಳದ್ದು, ಅದರಲ್ಲಿ ಸುಮಾರು 19,000 ಜಿಎಟಿಸಿ ತಾಣಗಳಿವೆ. ಎರಡು ಎಳೆ ಸೇರಿ 38,000 ಸರಿ ಅಡೆನಿನ್‌ಗಳು. ಅಕ್ಷರಗಳು ಯದ್ವಾತದ್ವಾ ಹರಡಿವೆ ಎಂದುಕೊಂಡರೆ ಒಂದಕ್ಷರ ತಪ್ಪಿದ ಗುರಿಗಳು ಅದರ ಒಂಬತ್ತು ಪಟ್ಟಿನ ಆಸುಪಾಸು, ಅಂದರೆ ಸುಮಾರು ಮೂರು ಲಕ್ಷ. ಸರಿ ತಾಣದ ಮೇಲಿನ ಒಲವು 1,000 ಪಟ್ಟು ಇದ್ದರೂ, ಕೆಲಸ ಶುರುವಾದ ಹೊತ್ತಿನಲ್ಲೇ ನೂರು ಚಿಲ್ಲರೆ ಮೀಥೈಲ್ ಗುಂಪುಗಳಲ್ಲಿ ಒಂದು ತಪ್ಪು ಜಾಗಕ್ಕೆ ಬೀಳುತ್ತದೆ. ಸರಿ ತಾಣಗಳು ತುಂಬಿಹೋದ ಮೇಲೆ ಕಿಣ್ವಕ್ಕೆ ಉಳಿಯುವುದು ತಪ್ಪು ತಾಣಗಳು ಮಾತ್ರ. 1,000 ಪಟ್ಟು ಎಂಬ ಸಂಖ್ಯೆ ಕೇಳಲು ದೊಡ್ಡದು, ಜೀನೋಮ್ ಅದಕ್ಕಿಂತ ದೊಡ್ಡದು.

ಹಂತ 2: ಖಾಲಿ ಡಿಎನ್‌ಎ, ಶುದ್ಧ ಕಿಣ್ವ, ತಾಜಾ ಸ್ಯಾಮ್

ಪ್ರಯೋಗ ಕೆಡುವುದು ಹೆಚ್ಚಾಗಿ ಇಲ್ಲೇ. ಸಾಮಾನ್ಯ ಇ. ಕೋಲೈ ತಳಿಗಳಲ್ಲಿ ಬೆಳೆಸಿದ, ಉಂಗುರದಂತಹ ಚಿಕ್ಕ ಡಿಎನ್‌ಎಯಾದ ಪ್ಲಾಸ್ಮಿಡ್‌ನಲ್ಲಿ ಡ್ಯಾಮ್ ಮತ್ತು (ಸೈಟೋಸಿನ್‌ಗೆ ಮೀಥೈಲ್ ಹಾಕುವ) ಡಿಸಿಎಂ ಎಂಬ ಎರಡು ಕಿಣ್ವಗಳ ಗುರುತುಗಳು ಆಗಲೇ ಬಿದ್ದಿರುತ್ತವೆ. ಆದ್ದರಿಂದ ಎರಡೂ ಜೀನ್‌ಗಳು ಇಲ್ಲದ ತಳಿಯಲ್ಲಿ ಬೆಳೆಸಿದ ಡಿಎನ್‌ಎಯನ್ನೇ ಬಳಸಿ. ಲ್ಯಾಮ್ಡಾ ವೈರಸ್‌ನ ಡಿಎನ್‌ಎ ತೆಗೆದುಕೊಳ್ಳುವವರಿಗೂ ಇದೇ ಮಾತು. ಸಾಮಾನ್ಯ ತಳಿಯಿಂದ ಬಂದ ಲ್ಯಾಮ್ಡಾದಲ್ಲಿ ಸುಮಾರು ಅರ್ಧದಷ್ಟು ಜಿಎಟಿಸಿ ತಾಣಗಳು ಮೀಥೈಲ್ ಹೊತ್ತಿರುತ್ತವೆ. ಪಿಸಿಆರ್‌ನಿಂದ ಬಂದ ಡಿಎನ್‌ಎ, ಯಂತ್ರದಲ್ಲಿ ಹೆಣೆದ ಚಿಕ್ಕ ಎಳೆಗಳು ಖಾಲಿಯೇ ಇರುತ್ತವೆ.

ನೀವು ಪರೀಕ್ಷಿಸುವ ಕಿಣ್ವವನ್ನೂ ಅದೇ ಕೊರತೆಯ ತಳಿಯಲ್ಲಿ ತಯಾರಿಸುವುದು ಒಳ್ಳೆಯದು. ಕೂದಲೆಳೆಯಷ್ಟು ಡ್ಯಾಮ್ ಜೊತೆಯಲ್ಲಿ ಬಂದರೂ ಅದರ ಕೆಲಸ ನಿಮ್ಮ ಕಿಣ್ವದ ತಪ್ಪು ಎಂದು ದಾಖಲಾಗುತ್ತದೆ. ಕತ್ತರಿಸುವ ಕಿಣ್ವವೂ ಮೀಥೈಲ್ ಕಿಣ್ವವೂ ಬೇರೆಬೇರೆಯಾಗಿರುವ ‘ಎರಡನೇ ವಿಧದ’ ವ್ಯವಸ್ಥೆಗಳ ಮೀಥೈಲ್ ಕಿಣ್ವಗಳಿಗೆ ಮೆಗ್ನೀಸಿಯಂ ಬೇಕಿಲ್ಲ. ಹಾಗಾಗಿ ದ್ರಾವಣಕ್ಕೆ ಮೆಗ್ನೀಸಿಯಂ ಅನ್ನು ಹಿಡಿದಿಡುವ ಇಡಿಟಿಎ ಸೇರಿಸಿದರೆ, ಡಿಎನ್‌ಎ ಒಡೆಯಲು ಮೆಗ್ನೀಸಿಯಂ ಬೇಕಾದ, ಜೊತೆಯಲ್ಲಿ ಬಂದಿರಬಹುದಾದ ಹೆಚ್ಚಿನ ನ್ಯೂಕ್ಲಿಯೇಸ್‌ಗಳ ಕಾಟ ತಪ್ಪುತ್ತದೆ. ಕೆಲವು ಕಿಣ್ವಗಳ ನಡತೆಯೇ ಮೆಗ್ನೀಸಿಯಂನಿಂದ ಬದಲಾಗುತ್ತದೆ. ಸಿಜಿ ತಾಣದ ಎಂ.ಎಸ್‌ಎಸ್‌ಎಸ್-1 ಕಿಣ್ವ ಮೆಗ್ನೀಸಿಯಂ ಇಲ್ಲದಾಗ ಒಂದೇ ಡಿಎನ್‌ಎ ಮೇಲೆ ಸಾಗುತ್ತಾ ಸಾಲುಸಾಲು ತಾಣಗಳನ್ನು ಮೀಥೈಲೀಕರಿಸುತ್ತದೆ, ಮೆಗ್ನೀಸಿಯಂ ಇದ್ದಾಗ ಬಿಟ್ಟುಬಿಟ್ಟು ಹಿಡಿಯುತ್ತದೆ.

ಸ್ಯಾಮ್ ಬಹಳ ಸೂಕ್ಷ್ಮ ವಸ್ತು. ತಟಸ್ಥ ದ್ರಾವಣದಲ್ಲಿ 37 ಡಿಗ್ರಿಯಲ್ಲಿ ಗಂಟೆಗಳಲ್ಲೇ ಹಾಳಾಗುತ್ತದೆ. ಅದಕ್ಕಾಗಿಯೇ ಅದನ್ನು ಸ್ವಲ್ಪ ಸಲ್ಫ್ಯೂರಿಕ್ ಆಮ್ಲ ಮತ್ತು ಎಥನಾಲ್ ಬೆರೆಸಿ ಶೀತಲದಲ್ಲಿ ಇಡುತ್ತಾರೆ. ಪ್ರಯೋಗದ ಹೊತ್ತಿಗೆ ಬೇಕಾದಷ್ಟನ್ನೇ ತೆಗೆದು ಬಳಸಿ. ಇಟ್ಟಿರುವ ಸ್ಯಾಮ್‌ನ ಹತ್ತನೇ ಒಂದು ಭಾಗಕ್ಕಿಂತ ಹೆಚ್ಚು ಖರ್ಚಾಗದಂತೆ ಪ್ರಮಾಣ ಹೊಂದಿಸಿ. ಇಲ್ಲದಿದ್ದರೆ ಉಳಿಕೆಯಾಗಿ ಸೇರುವ ಹೋಮೋಸಿಸ್ಟೀನ್ ರೂಪ ಕಿಣ್ವವನ್ನು ನಿಧಾನಗೊಳಿಸುತ್ತದೆ, ನೀವು ಅದನ್ನು ತಾಣದ ಗುಣ ಎಂದು ತಪ್ಪಾಗಿ ಓದುತ್ತೀರಿ.

ಹಂತ 3: ರಕ್ಷಣೆಯ ಪರೀಕ್ಷೆ, ಅದರ ಮಿತಿಯೊಳಗೆ

ಇದನ್ನು ಬಿಡಬೇಡಿ. ಸರಿ ತಾಣಗಳೆಲ್ಲ ತುಂಬಿದವೇ ಎಂಬ ಪ್ರಶ್ನೆಗೆ ಇದಕ್ಕಿಂತ ಅಗ್ಗದ ಉತ್ತರ ಇಲ್ಲ. ಜಿಎಟಿಸಿಗೆ ಮೂರು ಕತ್ತರಿಗಳು ಒಟ್ಟಿಗೆ ಬೇಕು. ಎಂಬೋ-1 ಮೀಥೈಲ್ ಇಲ್ಲದ ತಾಣವನ್ನು ಮಾತ್ರ ಕತ್ತರಿಸುತ್ತದೆ. ಡಿಪಿಎನ್-1 ಮೀಥೈಲ್ ಇರುವ ತಾಣವನ್ನು ಕತ್ತರಿಸುತ್ತದೆ. ಸಾವ್3ಎ-1ಕ್ಕೆ ಅಡೆನಿನ್ ಮೇಲಿನ ಗುಂಪು ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಎಂಬೋ-1 ಕತ್ತರಿಸಲಿಲ್ಲ, ಡಿಪಿಎನ್-1 ಪೂರ್ತಿ ಕತ್ತರಿಸಿತು, ಸಾವ್3ಎ-1 ಎಂದಿನಂತೆ ಕತ್ತರಿಸಿತು ಎಂದಾದರೆ ಮೀಥೈಲೀಕರಣ ನಡೆದಿದೆ, ಡಿಎನ್‌ಎಯಲ್ಲಿ ಕತ್ತರಿಯನ್ನು ತಡೆಯುವ ಬೇರೆ ಕಲ್ಮಶವೂ ಇಲ್ಲ. ಒಂದೇ ಎಳೆಗೆ ಗುಂಪು ಬಿದ್ದ ತಾಣಗಳಲ್ಲಿ ಡಿಪಿಎನ್-1 ಬಹಳ ನಿಧಾನ. ಎಂಬೋ-1 ಕತ್ತರಿಸದೆ, ಡಿಪಿಎನ್-1 ಕೂಡ ಸರಿಯಾಗಿ ಕತ್ತರಿಸದಿದ್ದರೆ ಕೆಲಸ ಅರ್ಧಕ್ಕೆ ನಿಂತಿದೆ ಎಂದು ಅನುಮಾನಿಸಿ. ಸೈಟೋಸಿನ್ ಕಿಣ್ವಗಳಲ್ಲಿ ಸಿಸಿಜಿಜಿ ತಾಣಕ್ಕೆ ಎಚ್‌ಪಿಎ-2 ಮತ್ತು ಎಂಎಸ್‌ಪಿ-1 ಇಂಥದ್ದೇ ಜೋಡಿ: ಒಳಗಿನ ಸೈಟೋಸಿನ್‌ಗೆ ಮೀಥೈಲ್ ಬಿದ್ದರೆ ಮೊದಲನೆಯದು ನಿಲ್ಲುತ್ತದೆ, ಎರಡನೆಯದು ನಿಲ್ಲುವುದಿಲ್ಲ.

ಹಂತ 4: ಮೀಥೈಲ್ ಗುಂಪುಗಳ ಒಟ್ಟು ಲೆಕ್ಕ

ತಪ್ಪು ನಡೆಯುತ್ತಿದೆಯೇ ಇಲ್ಲವೇ ಎಂದು ತಿಳಿಯಲು ನನಗೆ ಬಹಳ ಪ್ರಿಯವಾದ ಪರೀಕ್ಷೆ ಇದು. ಸರಿ ತಾಣಗಳೆಲ್ಲ ತುಂಬಿದರೆ ಡಿಎನ್‌ಎಗೆ ಎಷ್ಟು ಗುಂಪು ಸೇರಬೇಕೆಂದು ಲೆಕ್ಕ ಹಾಕಿ, ನಿಜಕ್ಕೂ ಎಷ್ಟು ಸೇರಿತೆಂದು ಅಳೆಯುವುದು. ಲ್ಯಾಮ್ಡಾ ಡಿಎನ್‌ಎ 48,502 ಜೋಡಿ ಅಕ್ಷರಗಳದ್ದು, ಅದರಲ್ಲಿ 116 ಜಿಎಟಿಸಿ ತಾಣಗಳಿವೆ. ಎರಡು ಎಳೆಗೆ 232 ಗುಂಪುಗಳು. ಒಂದು ಮೈಕ್ರೋಗ್ರಾಂ ಡಿಎನ್‌ಎಗೆ ಸುಮಾರು 7.4 ಪಿಕೋಮೋಲ್. ವಿಕಿರಣ ಸೂಸುವ ಜಲಜನಕವಾದ ಟ್ರಿಟಿಯಂ ಇರುವ ಸ್ಯಾಮ್ ಬಳಸಿ, ಡಿಎನ್‌ಎಗೆ ಸೇರಿದ ವಿಕಿರಣವನ್ನು ಗಂಟೆಗಟ್ಟಲೆ ಹಿಂಬಾಲಿಸಿ. ರೇಖೆ 7.4ಕ್ಕೆ ಏರಿ ಸಮತಟ್ಟಾದರೆ ಒಳ್ಳೆಯದು. ಅದನ್ನು ದಾಟಿ ನಿಧಾನವಾಗಿ ಏರುತ್ತಲೇ ಇದ್ದರೆ ಹೆಚ್ಚುವರಿ ಗುಂಪುಗಳು ಬೇರೆಲ್ಲೋ ಬೀಳುತ್ತಿವೆ. ಇಕೋಆರ್-1ರ ಮೀಥೈಲ್ ಕಿಣ್ವಕ್ಕೆ ಲ್ಯಾಮ್ಡಾದಲ್ಲಿರುವುದು 5 ತಾಣಗಳು, 10 ಗುಂಪುಗಳು ಮಾತ್ರ. ಆದ್ದರಿಂದ ಅಲ್ಲಿ ಹೆಚ್ಚುವರಿ ಇನ್ನೂ ಸ್ಪಷ್ಟವಾಗಿ ಕಾಣುತ್ತದೆ. ಈ ಕಿಣ್ವ ತನ್ನ ತಾಣಗಳಾಚೆಗೂ ಡಿಎನ್‌ಎಯನ್ನು ಮೀಥೈಲೀಕರಿಸುತ್ತದೆ ಎಂಬ ವರದಿ 1980ರಷ್ಟು ಹಿಂದೆಯೇ ಬಂದಿತ್ತು.

ಕಿಣ್ವ ಹಾಕದ ನಳಿಕೆಯೊಂದು ಪಕ್ಕದಲ್ಲಿ ಇರಲೇಬೇಕು. ಸ್ಯಾಮ್ ತಾನಾಗಿಯೇ, ಕಿಣ್ವದ ನೆರವಿಲ್ಲದೆ, ಅತಿ ನಿಧಾನವಾಗಿ ಡಿಎನ್‌ಎಯನ್ನು ಮೀಥೈಲೀಕರಿಸುತ್ತದೆ. ಕಿಣ್ವಗಳೂ ತಾಣ ಸರಿಯಿದ್ದು ಪರಮಾಣುವನ್ನು ತಪ್ಪುವುದುಂಟು: ಸೈಟೋಸಿನ್‌ನ 5ನೇ ಸ್ಥಾನದ ಕಿಣ್ವಗಳು ಅಪರೂಪಕ್ಕೆ 3ನೇ ಸ್ಥಾನಕ್ಕೆ ಗುಂಪು ಹಾಕಿ ಡಿಎನ್‌ಎಗೆ ಹಾನಿ ಮಾಡುತ್ತವೆ ಎಂದು 2018ರಲ್ಲಿ ವರದಿಯಾಯಿತು. ನಿಖರತೆಯ ಮಾತು ಬಂದಾಗ ಅಕ್ಷರಗಳ ಸರಣಿಯನ್ನೇ ನೋಡುವ ನಾವು ಇದನ್ನು ಮರೆಯುತ್ತೇವೆ. ವಿಕಿರಣದ ಅನುಕೂಲ ಇಲ್ಲದವರು ಡಿಎನ್‌ಎಯನ್ನು ನ್ಯೂಕ್ಲಿಯೋಸೈಡ್‌ಗಳಾಗಿ ಒಡೆದು ದ್ರವ ವರ್ಣಲೇಖನ ಮತ್ತು ದ್ರವ್ಯರಾಶಿ ಮಾಪನದಿಂದ ಎಣಿಸಬಹುದು. ಆಗ ಯಾವ ಪರಮಾಣುವಿನ ಮೇಲೆ ಗುಂಪು ಇದೆ ಎಂಬುದೂ ತಿಳಿಯುತ್ತದೆ.

ಈ ಲೆಕ್ಕ ತಪ್ಪಿದೆ ಎಂದು ಹೇಳುತ್ತದೆ, ಎಲ್ಲಿ ತಪ್ಪಿದೆ ಎಂದು ಹೇಳುವುದಿಲ್ಲ.

ಹಂತ 5: ಒಂದೊಂದು ತಪ್ಪು ತಾಣಕ್ಕೂ ಅದರದೇ ಎಳೆ

ಇಡೀ ಕೆಲಸದ ತಿರುಳು ಇಲ್ಲಿದೆ, ಇಲ್ಲಿ ಅವಸರ ಮಾಡಬೇಡಿ. ಪ್ರತಿ ತಪ್ಪು ತಾಣಕ್ಕೂ 20ರಿಂದ 30 ಅಕ್ಷರಗಳ ಜೋಡಿ ಎಳೆಯನ್ನು ಹೆಣೆಸಿ. ನಡುವೆ ತಾಣ, ಎರಡೂ ಕಡೆ ಒಂದೇ ಬಗೆಯ ನೆರೆ ಅಕ್ಷರಗಳು. ಸರಿ ತಾಣದ ಎಳೆಗೂ ಅದೇ ನೆರೆ ಇರಬೇಕು. ನೆರೆ ಬದಲಾದರೆ ಸರಿ ತಾಣದಲ್ಲೇ ವೇಗ ಬದಲಾಗುತ್ತದೆ, ಆಗ ನೀವು ಅಳೆದದ್ದು ತಾಣವನ್ನೋ ನೆರೆಯನ್ನೋ ತಿಳಿಯುವುದಿಲ್ಲ.

ಹೆಣೆಸುವ ಮುಂಚೆ ಎಳೆಯ ಉದ್ದಕ್ಕೂ ಕಣ್ಣಾಡಿಸಿ. ಯದ್ವಾತದ್ವಾ ಬರೆದ 30 ಅಕ್ಷರಗಳ ಜೋಡಿ ಎಳೆಯಲ್ಲಿ ಜಿಎಟಿಸಿಗೆ ಒಂದಕ್ಷರ ತಪ್ಪಿದ ಗುರಿಗಳು ಸರಾಸರಿ ಎರಡು ತಾವಾಗಿಯೇ ಇರುತ್ತವೆ. ನೀವು ಒಂದು ತಪ್ಪು ತಾಣವನ್ನು ಅಳೆಯುತ್ತಿದ್ದೇನೆ ಎಂದುಕೊಂಡು ಮೂರನ್ನು ಅಳೆಯುತ್ತಿರುತ್ತೀರಿ. ನೆರೆ ಅಕ್ಷರಗಳನ್ನು ಆರಿಸುವಾಗಲೇ ಇವನ್ನು ತೆಗೆದುಹಾಕಿ.

ಎಎಟಿಸಿ ಮತ್ತು ಜಿಎಟಿಟಿ ಎದುರುಬದುರಾಗಿರುವ ಎಳೆಯಲ್ಲಿ ಎರಡು ಗುರಿಗಳಿವೆ. ಒಂದನ್ನು ಮಾತ್ರ ಅಳೆಯಬೇಕಾದರೆ ಇನ್ನೊಂದರಲ್ಲಿ ಮೊದಲೇ ಮೀಥೈಲ್ ಹೊತ್ತ ಅಡೆನಿನ್ ಹಾಕಿಸಿ. ಅಂಥ ಎಳೆಗಳನ್ನು ಯಂತ್ರದಲ್ಲಿ ಹೆಣೆಯಬಹುದು. ಸರಿ ತಾಣದ ಎಳೆಯಲ್ಲೂ ಹಾಗೆಯೇ ಒಂದು ಬದಿಯನ್ನು ಮುಚ್ಚಿದರೆ ಹೋಲಿಕೆ ನ್ಯಾಯವಾಗಿರುತ್ತದೆ. ಎಳೆಯ ಒಂದು ತುದಿಗೆ ಬಯೋಟಿನ್ ಇದ್ದರೆ, ಅದನ್ನು ಬಿಗಿಯಾಗಿ ಹಿಡಿಯುವ ಅವಿಡಿನ್ ಬಳಿದ ತಟ್ಟೆಯ ಮೇಲೆ ಹಿಡಿದು, ಉಳಿದ ಸ್ಯಾಮ್ ತೊಳೆದು, ಟ್ರಿಟಿಯಂ ಎಣಿಸುವುದು ಸುಲಭ.

ಈಗ ಅಳೆಯುವ ಬಗೆ. ಕಿಣ್ವಕ್ಕಿಂತ ಡಿಎನ್‌ಎ ಬಹಳ ಹೆಚ್ಚು ಹಾಕಿ, ಕಿಣ್ವ ಮತ್ತೆಮತ್ತೆ ತಿರುಗಿ ಕೆಲಸ ಮಾಡುವ ವೇಗವನ್ನು ಅಳೆಯುವುದು ಪಠ್ಯಪುಸ್ತಕದ ದಾರಿ. ಈ ಕಿಣ್ವಗಳ ವಿಷಯದಲ್ಲಿ ಆ ದಾರಿ ಮೋಸ ಮಾಡುತ್ತದೆ. ಇವು ನಿಧಾನದ ಕಿಣ್ವಗಳು. ಎಂ.ಎಚ್‌ಎಚ್‌ಎ-1 ನಿಮಿಷಕ್ಕೆ ಒಂದೆರಡು ಗುಂಪುಗಳನ್ನಷ್ಟೇ ದಾಟಿಸುತ್ತದೆ. ಹಲವು ಕಿಣ್ವಗಳಲ್ಲಿ ಸರಿ ತಾಣದ ಮೇಲೆ ಮೀಥೈಲ್ ದಾಟುವುದು ಬೇಗ ಮುಗಿದು, ಕೆಲಸ ಮುಗಿದ ಡಿಎನ್‌ಎಯನ್ನು ಕೈಬಿಡುವುದಕ್ಕೇ ಹೊತ್ತು ಹಿಡಿಯುತ್ತದೆ. ಒಟ್ಟು ವೇಗ ತೋರಿಸುವುದು ಆ ಕೈಬಿಡುವಿಕೆಯನ್ನು. ತಪ್ಪು ತಾಣದಲ್ಲಿ ಹಾಗಲ್ಲ, ದಾಟಿಸುವುದೇ ನಿಧಾನ. ಎರಡು ಬೇರೆ ಬೇರೆ ಮೆಟ್ಟಿಲುಗಳ ವೇಗವನ್ನು ಒಂದರಿಂದೊಂದು ಭಾಗಿಸಿದರೆ ನಿಖರತೆ ಇರುವುದಕ್ಕಿಂತ ಕಡಿಮೆಯಾಗಿ ಕಾಣುತ್ತದೆ.

ಪರಿಹಾರ, ಒಂದೇ ತಿರುವಿನ ಪ್ರಯೋಗ. ಡಿಎನ್‌ಎಗಿಂತ ಕಿಣ್ವವೇ ಹೆಚ್ಚಿರಲಿ, ಸ್ಯಾಮ್ ಧಾರಾಳವಾಗಿರಲಿ. ಪ್ರತಿ ಡಿಎನ್‌ಎಗೂ ಒಂದು ಕಿಣ್ವ ಅಂಟಿರುತ್ತದೆ, ಒಮ್ಮೆ ಮಾತ್ರ ಕೆಲಸ ನಡೆಯುತ್ತದೆ, ಕೈಬಿಡುವ ಮೆಟ್ಟಿಲು ಲೆಕ್ಕಕ್ಕೆ ಬರುವುದಿಲ್ಲ. ಮೀಥೈಲ್ ಸೇರಿದ ಪಾಲು ಹೊತ್ತಿನೊಂದಿಗೆ ಏರುವ ರೇಖೆಯಿಂದ ವೇಗಾಂಕ ಸಿಗುತ್ತದೆ.

ರೇಖೆ ಬೇಕೇ ಬೇಕು, ಒಂದು ಬಿಂದು ಸಾಲದು. ಒಂದು ಊಹೆಯ ಲೆಕ್ಕ ನೋಡಿ. ಸರಿ ತಾಣದ ವೇಗಾಂಕ ನಿಮಿಷಕ್ಕೆ 1, ತಪ್ಪು ತಾಣದ್ದು ನಿಮಿಷಕ್ಕೆ 0.001 ಎಂದಿಟ್ಟುಕೊಳ್ಳಿ. ನಿಜವಾದ ಅನುಪಾತ 1,000. ಒಂದು ಗಂಟೆ ಬಿಟ್ಟು ನೋಡಿದರೆ ಸರಿ ತಾಣ ಪೂರ್ತಿ ತುಂಬಿರುತ್ತದೆ, ತಪ್ಪು ತಾಣ ಶೇ 5.8ರಷ್ಟು. ಭಾಗಿಸಿದರೆ 17. ರಾತ್ರಿಯಿಡೀ, 16 ಗಂಟೆ ಬಿಟ್ಟು ನೋಡಿದರೆ ತಪ್ಪು ತಾಣ ಶೇ 62 ತುಂಬಿರುತ್ತದೆ, ಅನುಪಾತ 1.6. ಕಿಣ್ವ ಅದೇ, ತಾಣ ಅದೇ, ನಿಖರತೆ ಮಾತ್ರ 1,000ದಿಂದ 1.6ಕ್ಕೆ ಇಳಿದಂತೆ ತೋರುತ್ತದೆ. ರಾತ್ರಿಯಿಡೀ ಬಿಟ್ಟ ನಳಿಕೆಯಿಂದ ನಿಖರತೆಯ ಮಾತು ಆಡಬಾರದೆನ್ನುವುದು ಇದಕ್ಕೇ.

ಹಂತ 6: ಒಂದೇ ನಳಿಕೆಯಲ್ಲಿ ಪೈಪೋಟಿ

ಜೀವಕೋಶದಲ್ಲಿ ಕಿಣ್ವದ ಮುಂದೆ ಸರಿ ತಾಣವೂ ತಪ್ಪು ತಾಣವೂ ಒಟ್ಟಿಗೆ ಇರುತ್ತವೆ. ಪ್ರಯೋಗದಲ್ಲೂ ಎರಡನ್ನೂ ಒಂದೇ ನಳಿಕೆಗೆ ಹಾಕಿ, ಪ್ರತಿಯೊಂದರಲ್ಲೂ ಮೀಥೈಲ್ ಸೇರಿದ ಪಾಲನ್ನು ಬೇರೆಬೇರೆಯಾಗಿ ಅಳೆಯಿರಿ. ಅನುಪಾತದ ಸೂತ್ರ ಸರಳ: ಸರಿ ತಾಣದಲ್ಲಿ ಮೀಥೈಲ್ ಸೇರದೆ ಉಳಿದ ಪಾಲಿನ ಸಹಜ ಲಾಗರಿದಮ್ ಅನ್ನು ತಪ್ಪು ತಾಣದಲ್ಲಿ ಉಳಿದ ಪಾಲಿನ ಸಹಜ ಲಾಗರಿದಮ್‌ನಿಂದ ಭಾಗಿಸಿ. ಸರಿ ತಾಣ ಶೇ 70 ತುಂಬಿದಾಗ ತಪ್ಪು ತಾಣ ಶೇ 0.2 ತುಂಬಿದ್ದರೆ, 0.30ರ ಲಾಗರಿದಮ್ ಋಣ 1.204, 0.998ರದ್ದು ಋಣ 0.002. ಅನುಪಾತ ಸುಮಾರು 600. ಕಿಣ್ವದ ಪ್ರಮಾಣ, ಅದರಲ್ಲಿ ಸತ್ತದ್ದೆಷ್ಟು, ಎಷ್ಟು ಹೊತ್ತು ಬಿಟ್ಟಿರಿ ಎಂಬುದೆಲ್ಲ ಎರಡಕ್ಕೂ ಸಮಾನವಾದ್ದರಿಂದ ಹೊಡೆದುಹೋಗುತ್ತವೆ. ಒಂದೇ ಪ್ರಯೋಗಕ್ಕೆ ಹೊತ್ತಿದೆ ಎನ್ನುವವರಿಗೆ ನಾನು ಹೇಳುವುದು ಇದನ್ನೇ.

ಕಷ್ಟ ಇರುವುದು ಶೇ 0.2ನ್ನು ಕಾಣುವುದರಲ್ಲಿ. ನಿಮ್ಮ ವಿಧಾನದ ಹಿನ್ನೆಲೆ ಗದ್ದಲ ಶೇ 0.5 ಇದ್ದರೆ ಅದು ಮುಳುಗಿಹೋಗುತ್ತದೆ. ಹೆಚ್ಚು ಹೊತ್ತು ಬಿಟ್ಟರೆ ಸರಿ ತಾಣ ತುಂಬಿ ಅದರ ಉಳಿದ ಪಾಲು ಅಳತೆಗೆ ಸಿಗುವುದಿಲ್ಲ. ಹಾಗಾದಾಗ ಕಿಣ್ವವನ್ನು ಹತ್ತು, ನೂರು, ಸಾವಿರ ಪಟ್ಟು ತೆಳು ಮಾಡಿದ ಸರಣಿ ಇಡಿ. ಸರಿ ತಾಣವನ್ನು ತೆಳು ನಳಿಕೆಗಳಲ್ಲಿ, ತಪ್ಪು ತಾಣವನ್ನು ಗಟ್ಟಿ ನಳಿಕೆಗಳಲ್ಲಿ ಓದಿ, ತೆಳು ಮಾಡಿದ ಅಂಶವನ್ನು ಲೆಕ್ಕಕ್ಕೆ ಸೇರಿಸಿ. ವೇಗ ನಿಜಕ್ಕೂ ಕಿಣ್ವದ ಪ್ರಮಾಣಕ್ಕೆ ತಕ್ಕಂತೆ ಇಳಿಯುತ್ತದೆಯೇ ಎಂದು ನಡುವಿನ ನಳಿಕೆಗಳು ತೋರಿಸುತ್ತವೆ.

ಹಂತ 7: ಅನುಕ್ರಮಣದಿಂದ ಇಡೀ ನಕ್ಷೆ

ಪಟ್ಟಿ ಮಾಡದ ತಪ್ಪು ತಾಣಗಳೂ ಇರಬಹುದು. ಅದನ್ನು ಹಿಡಿಯಲು ಇಡೀ ಪ್ಲಾಸ್ಮಿಡ್ ಅಥವಾ ಜೀನೋಮ್ ಅನ್ನು ಅಕ್ಷರಕ್ಷರವಾಗಿ ಓದಬೇಕು, ಅದೇ ಅನುಕ್ರಮಣ. 5ನೇ ಸ್ಥಾನದ ಸೈಟೋಸಿನ್‌ಗೆ 1992ರಿಂದ ಬಳಕೆಯಲ್ಲಿರುವ ಬೈಸಲ್ಫೈಟ್ ವಿಧಾನ ಇದೆ. ಮೀಥೈಲ್ ಇಲ್ಲದ ಸೈಟೋಸಿನ್ ಅದರಲ್ಲಿ ಯುರಾಸಿಲ್ ಆಗುತ್ತದೆ, ಮೀಥೈಲ್ ಇರುವುದು ಉಳಿಯುತ್ತದೆ. ಅಡೆನಿನ್ ಮತ್ತು 4ನೇ ಸ್ಥಾನದ ಸೈಟೋಸಿನ್ ಗುರುತುಗಳಿಗೆ, ಪಾಲಿಮರೇಸ್ ಎಷ್ಟು ಹೊತ್ತು ತಡೆಯುತ್ತದೆ ಎಂದು ಗಮನಿಸುವ ಏಕಾಣು ಅನುಕ್ರಮಣ ಒಳ್ಳೆಯದು. ನ್ಯಾನೋರಂಧ್ರ ವಿಧಾನವೂ (ಅತಿ ಸಣ್ಣ ರಂಧ್ರದ ಮೂಲಕ ಎಳೆಯನ್ನು ಹಾಯಿಸಿ ಓದುವುದು) ಇದೆ.

ಬೈಸಲ್ಫೈಟ್ ಬಳಸುವವರು ಈ ಲೆಕ್ಕ ಮಾಡಿ ನೋಡಿ. ಇ. ಕೋಲೈ ಜೀನೋಮ್‌ನ ಎರಡು ಎಳೆಗಳಲ್ಲಿ ಸುಮಾರು 23.6 ಲಕ್ಷ ಸೈಟೋಸಿನ್‌ಗಳಿವೆ. ರಾಸಾಯನಿಕ ಕ್ರಿಯೆ ಶೇ 99ರಷ್ಟು ಯಶಸ್ವಿಯಾದರೂ ಒಂದು ಜೀನೋಮ್ ಪ್ರತಿಯಲ್ಲಿ ಸುಮಾರು 23,600 ಸೈಟೋಸಿನ್‌ಗಳು ಬದಲಾಗದೆ ಉಳಿದು ಮೀಥೈಲ್ ಇದ್ದಂತೆ ನಟಿಸುತ್ತವೆ. ಡಿಸಿಎಂ ಕಿಣ್ವ ನಿಜಕ್ಕೂ ಹಾಕುವ ಗುರುತುಗಳು ಸುಮಾರು 24,000. ಸುಳ್ಳು ನಿಜದಷ್ಟೇ ದೊಡ್ಡದಾಗಿ ನಿಲ್ಲುತ್ತದೆ. ಆದ್ದರಿಂದ ಒಂದೊಂದು ಓದನ್ನು ನಂಬದೆ, ಒಂದೇ ಜಾಗವನ್ನು ಸಾವಿರಾರು ಬಾರಿ ಓದಿ. ಅದೇ ಡಿಎನ್‌ಎಯ ಮೀಥೈಲ್ ರಹಿತ ಪ್ರತಿಯನ್ನು ಪಿಸಿಆರ್‌ನಿಂದ ಅಥವಾ ಇಡೀ ಜೀನೋಮ್ ವರ್ಧನೆಯಿಂದ ಮಾಡಿ, ಜೊತೆಯಲ್ಲೇ ಓದಿಸಿ, ಜಾಗದಿಂದ ಜಾಗಕ್ಕೆ ವ್ಯತ್ಯಾಸ ಕಳೆಯಿರಿ. ಆಮೇಲೆ ತಪ್ಪು ತಾಣಗಳನ್ನು ಒಂದೊಂದಾಗಿ ನೋಡದೆ, ಒಂದೇ ಸರಣಿಯವನ್ನು ಗುಂಪು ಮಾಡಿ ಸರಾಸರಿ ತೆಗೆಯಿರಿ. ಗದ್ದಲಕ್ಕೆ ಸರಣಿ ಗೊತ್ತಿಲ್ಲ, ಕಿಣ್ವಕ್ಕೆ ಗೊತ್ತು. ಉದಾಹರಣೆಗೆ, ಡ್ಯಾಮ್‌ನ ಏಕಾಣು ಓದುಗಳಲ್ಲಿ ಜಿಎಟಿಟಿಯ ಸರಾಸರಿ ಎದ್ದು ನಿಂತು, ಎರಡಕ್ಷರ ತಪ್ಪಿದ ಸರಣಿಗಳ ಸರಾಸರಿ ನೆಲದಲ್ಲೇ ಇದ್ದರೆ ಅದು ನಿಜವಾದ ತಪ್ಪು.

ಹಂತ 8: ಪರಿಸ್ಥಿತಿ ಬದಲಿಸಿ ನೋಡಿ

ಗ್ಲಿಸರಾಲ್, ಕಡಿಮೆ ಉಪ್ಪು, ಹೆಚ್ಚಿದ ಕ್ಷಾರತೆ, ಸಾವಯವ ದ್ರಾವಕಗಳು, ಡಿಎನ್‌ಎಗೆ ಮೀರಿದ ಕಿಣ್ವ: ಕತ್ತರಿಸುವ ಕಿಣ್ವಗಳನ್ನು ಸಡಿಲಗೊಳಿಸುವ ಇವು ಮೀಥೈಲ್ ಕಿಣ್ವಗಳ ವಿಷಯದಲ್ಲೂ ಅನುಮಾನಕ್ಕೆ ಅರ್ಹ. ಕಿಣ್ವದ ದಾಸ್ತಾನಿನಲ್ಲಿ ಸಾಮಾನ್ಯವಾಗಿ ಅರ್ಧದಷ್ಟು ಗ್ಲಿಸರಾಲ್ ಇರುತ್ತದೆ. ನಳಿಕೆಯ ಹತ್ತನೇ ಒಂದು ಭಾಗಕ್ಕಿಂತ ಹೆಚ್ಚು ದಾಸ್ತಾನು ಹಾಕಬೇಡಿ, ಗ್ಲಿಸರಾಲ್ ಶೇ 5ರೊಳಗೆ ನಿಲ್ಲುತ್ತದೆ. ತೆಳು ಮಾಡಿದ ಸರಣಿಯಲ್ಲಿ ಪ್ರತಿ ನಳಿಕೆಗೂ ಒಂದೇ ಪ್ರಮಾಣದ ಗ್ಲಿಸರಾಲ್ ಬರುವಂತೆ ಸರಿದೂಗಿಸಿ.

ಮನುಷ್ಯನ ಕಿಣ್ವಗಳಿಗೆ ಬಂದಾಗ

ಇಲ್ಲಿ ತಾಣ ಸಿಜಿ ಎಂಬ ಎರಡೇ ಅಕ್ಷರ, ಪ್ರಶ್ನೆಯೂ ಬೇರೆ. ಹಳೆಯ ಎಳೆಯ ಗುರುತನ್ನು ಹೊಸ ಎಳೆಗೆ ನಕಲು ಮಾಡುವ ಕಿಣ್ವ ಡಿಎನ್‌ಎಂಟಿ1, ಹೊಸ ಗುರುತು ಹಾಕುವವು ಡಿಎನ್‌ಎಂಟಿ3ಎ ಮತ್ತು 3ಬಿ. ಡಿಎನ್‌ಎಂಟಿ1ರ ನಿಖರತೆ ಎಂದರೆ ಒಂದೇ ಎಳೆಗೆ ಮೀಥೈಲ್ ಇರುವ ಸಿಜಿಯನ್ನು ಎರಡೂ ಎಳೆ ಖಾಲಿ ಇರುವ ಸಿಜಿಗಿಂತ ಎಷ್ಟು ಹೆಚ್ಚು ಆರಿಸುತ್ತದೆ ಎಂಬುದು. ಕತ್ತರಿಸಿ ಚಿಕ್ಕದು ಮಾಡಿದ ಕಿಣ್ವದಿಂದ ಇದನ್ನು ಅಳೆಯಬೇಡಿ. ಕೆಲಸ ಮಾಡುವ ಭಾಗದ ಹೊರಗಿನ ಅಂಗಗಳೂ ಖಾಲಿ ಡಿಎನ್‌ಎಯನ್ನು ದೂರ ಇಡುವುದರಲ್ಲಿ ಕೈಜೋಡಿಸುತ್ತವೆ. ಕೋಶದೊಳಗೆ ಯುಎಚ್‌ಆರ್‌ಎಫ್1 ಎಂಬ ಇನ್ನೊಂದು ಪ್ರೋಟೀನ್ ಅರೆ ಮೀಥೈಲೀಕೃತ ತಾಣಗಳನ್ನು ಗುರುತಿಸಿ ಅದಕ್ಕೆ ದಾರಿ ತೋರಿಸುತ್ತದೆ. ಎರಡು ಎಳೆಗಳನ್ನು ಹೇರ್‌ಪಿನ್‌ನಂತೆ ಒಂದು ತುದಿಯಲ್ಲಿ ಕೂಡಿಸಿ ಬೈಸಲ್ಫೈಟ್ ಮಾಡಿದರೆ ಒಂದೇ ಅಣುವಿನ ಎರಡೂ ಬದಿಗಳನ್ನು ಒಟ್ಟಿಗೆ ಓದಬಹುದು. ಡಿಎನ್‌ಎಂಟಿ3ಎ ಮತ್ತು 3ಬಿಗಳಿಗೆ ನೆರೆ ಅಕ್ಷರಗಳ ಒಲವೇ ಮುಖ್ಯ ವಿಷಯ, ಅದರಲ್ಲೂ ಎರಡಕ್ಕೂ ಒಲವು ಬೇರೆಬೇರೆ. ನರಕೋಶಗಳಲ್ಲಿ ಡಿಎನ್‌ಎಂಟಿ3ಎ ಸಿಎ ಜೋಡಿಗಳನ್ನೂ ಮೀಥೈಲೀಕರಿಸುತ್ತದೆ. ಅದನ್ನು ತಪ್ಪು ಎನ್ನುವುದು ಸರಿಯಲ್ಲ, ಅಲ್ಲಿ ಆ ಗುರುತಿಗೆ ಕೆಲಸ ಇದೆ. ಈ ಕಿಣ್ವಗಳಿಗೆ ಸಿಜಿಯ ಸುತ್ತಲಿನ ಅಕ್ಷರಗಳನ್ನು ಯದ್ವಾತದ್ವಾ ಇಟ್ಟ ಎಳೆಗಳ ದೊಡ್ಡ ಸಂಗ್ರಹವನ್ನು ಮೀಥೈಲೀಕರಿಸಿ ಆಳವಾಗಿ ಓದಿಸುವುದೇ ಒಳ್ಳೆಯ ದಾರಿ. ಪೈಪೋಟಿಯ ಸೂತ್ರ ಸಾವಿರಾರು ಸರಣಿಗಳಿಗೆ ಒಮ್ಮೆಗೇ ಅನ್ವಯವಾಗುತ್ತದೆ.

ಕೋಶದೊಳಗಿನ ಫಲಿತಾಂಶವನ್ನು ಓದುವಾಗ

ವೇಗವಾಗಿ ಬೆಳೆಯುವ ಇ. ಕೋಲೈ ಕೋಶದಲ್ಲಿ ಡ್ಯಾಮ್ ಅಣುಗಳು ಸುಮಾರು 130 ಮಾತ್ರ ಎಂದು ಅಂದಾಜಿಸಲಾಗಿದೆ. ಇದು ಮಿತವ್ಯಯವಲ್ಲ, ಅಗತ್ಯ. ಡಿಎನ್‌ಎ ನಕಲಾದ ಮೇಲೆ ಹೊಸ ಎಳೆ ಸ್ವಲ್ಪ ಹೊತ್ತು ಮೀಥೈಲ್ ಇಲ್ಲದೆ ಇರಬೇಕು. ಆ ಗುರುತು ನೋಡಿಯೇ ಮ್ಯೂಟ್‌ಎಚ್ ಪ್ರೋಟೀನ್ ತಪ್ಪು ಅಕ್ಷರ ಇರುವ ಹೊಸ ಎಳೆಯನ್ನು, ಆ ತಪ್ಪು ತಿದ್ದಲೆಂದು, ಕತ್ತರಿಸುತ್ತದೆ. ಡ್ಯಾಮ್ ಅತಿಯಾದರೆ ಆ ಹೊತ್ತು ಇಲ್ಲವಾಗಿ ರೂಪಾಂತರಗಳು ಹೆಚ್ಚುತ್ತವೆ, ತಪ್ಪು ತಾಣಗಳೂ ತುಂಬತೊಡಗುತ್ತವೆ. ಆದ್ದರಿಂದ ಪ್ಲಾಸ್ಮಿಡ್‌ನಿಂದ ಅತಿಯಾಗಿ ಉತ್ಪಾದಿಸಿದ ಕಿಣ್ವದ ಜೀನೋಮ್ ನಕ್ಷೆ ನೋಡಿ ಸಹಜ ಕೋಶದ ನಿಖರತೆಯನ್ನು ಹೇಳಲಾಗದು. ಇನ್ನೊಂದು ತುದಿಯಲ್ಲಿ, ಸಹಜ ಜೀನೋಮ್‌ನಲ್ಲಿ ಖಾಲಿ ಉಳಿದ ಕೆಲವು ಜಿಎಟಿಸಿ ತಾಣಗಳು ಕಿಣ್ವದ ಮರೆವಲ್ಲ. ಬೇರೆ ಪ್ರೋಟೀನ್‌ಗಳು ಅಲ್ಲಿ ಕುಳಿತು ಅಡ್ಡಗಟ್ಟಿರುತ್ತವೆ. ಶುದ್ಧ ಡಿಎನ್‌ಎ ಮೇಲೆ ಅದೇ ತಾಣ ತುಂಬುತ್ತದೆಯೇ ಎಂದು ನೋಡಿದರೆ ಅನುಮಾನ ಬಗೆಹರಿಯುತ್ತದೆ.

ವರದಿ ಬರೆಯುವಾಗ

‘ನಿಖರತೆ 600 ಪಟ್ಟು’ ಎಂದು ಒಂದೇ ಸಂಖ್ಯೆ ಬರೆಯಬೇಡಿ. ಪ್ರತಿ ತಪ್ಪು ತಾಣಕ್ಕೂ ಅದರ ಅನುಪಾತ, ಅಳೆದ ಬಗೆ, ಕಿಣ್ವ ಮತ್ತು ಡಿಎನ್‌ಎಯ ಪ್ರಮಾಣ, ನೆರೆ ಅಕ್ಷರಗಳು, ಉಪ್ಪು, ಗ್ಲಿಸರಾಲ್, ತಾಪಮಾನ, ಹೊತ್ತು ಇರುವ ಪಟ್ಟಿ ಕೊಡಿ. ಹಿನ್ನೆಲೆ ಗದ್ದಲವನ್ನು ದಾಟಲಾಗದ ತಾಣಗಳ ಮುಂದೆ ಸೊನ್ನೆ ಬರೆಯದೆ, ನಿಮ್ಮ ವಿಧಾನ ಕಾಣಬಲ್ಲ ಕನಿಷ್ಠ ವೇಗದಿಂದ ಲೆಕ್ಕಹಾಕಿ ‘ಇಷ್ಟು ಪಟ್ಟಿಗಿಂತ ಹೆಚ್ಚು’ ಎಂದು ಬರೆಯಿರಿ. ಅತಿ ಕೆಟ್ಟ ತಪ್ಪು ತಾಣವನ್ನು ಪಟ್ಟಿಯ ಮೊದಲ ಸಾಲಿನಲ್ಲಿ ಇಡಿ, ಸರಾಸರಿಯ ಹಿಂದೆ ಅಡಗಿಸಬೇಡಿ. ನಿಮ್ಮ ಕಿಣ್ವವನ್ನು ಕೊಂಡೊಯ್ದು ಬಳಸುವವರು ಮೊದಲು ಹುಡುಕುವುದು ಆ ಸಾಲನ್ನೇ.